ಕಾರಿಲ್ಲದೆ ಎಂಟು ದಿನದಲ್ಲಿ ವೇಲ್ಸ್‌ನ ಕೋಟೆಗಳನ್ನು ನೋಡಬಹುದೇ?

ಅಪ್ಪ-ಅಮ್ಮ ಜೊತೆಗಿದ್ದಾರೆ, ಲಂಡನ್‌ನಿಂದ ಹೊರಡುತ್ತೇವೆ, ಕಾರು ಓಡಿಸುವವರಿಲ್ಲ, ಆದರೂ ಕೋಟೆ, ಸಣ್ಣ ಊರು, ಹಳ್ಳಿಗಾಡು ಎಲ್ಲವೂ ಬೇಕು ಎಂದಿದ್ದೀರಿ. ಧಾರಾಳವಾಗಿ ನೋಡಬಹುದು. ಇಡೀ ವೇಲ್ಸ್ ಸುತ್ತುವ ಆಸೆ ಮಾತ್ರ ಬಿಡಿ, ಉತ್ತರ ಭಾಗವೊಂದೇ ಸಾಕು. ನಾವೂ ಅಮ್ಮನನ್ನು ಕರೆದುಕೊಂಡು ರೈಲಿನಲ್ಲೇ ಹೋಗಿದ್ದು. ಮೊದಲ ಮೂರು ದಿನ ದಿನಕ್ಕೊಂದು ಊರು ಎಂದು ಓಡಾಡಿ ಅಮ್ಮ ಸುಸ್ತಾದರು. ಆಮೇಲೆ ಕಾನ್ವಿ ಎಂಬ ಕೋಟೆಯೂರಿನಲ್ಲಿ ನಾಲ್ಕು ರಾತ್ರಿ ಒಂದೇ ಕಡೆ ಉಳಿದ ಮೇಲೆ ಅವರ ಮುಖ ಅರಳಿತು.

ಮೊದಲ ರಾತ್ರಿ ದಾರಿಯಲ್ಲಿ ಸಿಗುವ ವೆಲ್ಷ್‌ಪೂಲ್‌ನಲ್ಲಿ ಕಳೆಯಿರಿ. ಅಲ್ಲಿನ ಪೊವಿಸ್ ಕೋಟೆಯನ್ನು ನಮ್ಮವರು ಯಾರೂ ತಪ್ಪಿಸಬಾರದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕೊಳ್ಳೆಹೋದ ಟಿಪ್ಪುವಿನ ಡೇರೆ, ಸಿಂಹಾಸನದ ಚಿನ್ನದ ಹುಲಿಮುಖಗಳಲ್ಲೊಂದು ಸೇರಿರುವುದು ಅಲ್ಲಿಯ ಕ್ಲೈವ್ ಮನೆತನದ ಸಂಗ್ರಹಕ್ಕೆ. ಡೇರೆಯ ಹೂಬಳ್ಳಿಯ ಬಟ್ಟೆಯ ಮುಂದೆ ನಿಂತಾಗ ನನಗೆ ಮಾತೇ ಹೊರಡಲಿಲ್ಲ.

ಮುಂದೆ ಪೋರ್ತ್‌ಮ್ಯಾಡಾಗ್‌ನಲ್ಲಿ ಎರಡು ರಾತ್ರಿ. ಹತ್ತುವಾಗ ಜೋಪಾನ: ವೆಲ್ಷ್‌ಪೂಲ್‌ನಿಂದ ಹೋಗುವ ರೈಲು ಸಾಮಾನ್ಯವಾಗಿ ಮಖಂತ್ಲೆತ್ ಸ್ಟೇಷನ್ನಿನಲ್ಲಿ ಎರಡು ಭಾಗವಾಗುತ್ತದೆ. ಪೋರ್ತ್‌ಮ್ಯಾಡಾಗ್ ಮೂಲಕ ಪುತ್‌ಹೆಲಿ ಕಡೆಗೆ ಹೋಗುವ ಬೋಗಿ ಯಾವುದೆಂದು ಕಂಡಕ್ಟರನ್ನು ಕೇಳಿಯೇ ಕೂರಿ. ಅಲ್ಲಿಂದಾಚೆ ಹಳಿ ಕಡಲಿಗೆ ಅಂಟಿಕೊಂಡೇ ಸಾಗುತ್ತದೆ. ದಾರಿಯಲ್ಲಿ ಹಾರ್ಲೆಕ್ ಕೋಟೆ, ಸ್ಟೇಷನ್ನಿನ ನೆತ್ತಿಯ ಮೇಲೇ ಇದೆ. ಒಂದು ಕಾಲಕ್ಕೆ ಸಮುದ್ರ ಬಂಡೆಯ ಬುಡದವರೆಗೂ ಬರುತ್ತಿತ್ತಂತೆ. ಈಗ ಅಲ್ಲಿ ಮನೆ, ಹಳಿ, ಬಯಲು. ಸ್ಟೇಷನ್ನಿನಿಂದ ಏರು ಕಡಿದಾಗಿದೆ, ಹಿರಿಯರಿಗೆ ಟ್ಯಾಕ್ಸಿ ಮಾಡಿ.

ಪೋರ್ತ್‌ಮ್ಯಾಡಾಗ್‌ನಿಂದ ಕಾರ್ನಾರ್ವನ್‌ಗೆ ವೆಲ್ಷ್ ಹೈಲ್ಯಾಂಡ್ ರೈಲು ಹಿಡಿಯಿರಿ. ಕಿರುಗೇಜಿನಲ್ಲಿ ಸುಮಾರು 40 ಕಿ.ಮೀ., ಸ್ನೋಡನ್ ಬೆಟ್ಟದ ತಪ್ಪಲಿನಲ್ಲೇ ಹಾದುಹೋಗುತ್ತದೆ. ಕುರಿಗಳು, ಕಲ್ಲುಗೋಡೆ, ತೊರೆ... ನೀವು ಕೇಳಿದ ಹಳ್ಳಿಗಾಡು ಇದೇ. ಚಳಿಗಾಲದಲ್ಲಿ ಓಡಾಟ ತೀರಾ ಕಡಿಮೆ, ಮೇ-ಜೂನ್ ಒಳ್ಳೆಯದು.

ಕಾರ್ನಾರ್ವನ್, ಕಾನ್ವಿ ಎರಡನ್ನೂ 1283ರಲ್ಲಿ ಕಟ್ಟಲು ಶುರುಮಾಡಿದವನು ಇಂಗ್ಲೆಂಡಿನ ಒಂದನೇ ಎಡ್ವರ್ಡ್, ಗೆದ್ದ ನಾಡಿನ ಜನ ಮತ್ತೆ ತಲೆಯೆತ್ತದಿರಲೆಂದು. ಇದು ಗೊತ್ತಿದ್ದು ಒಳಗೆ ಹೋದರೆ ಗೋಡೆಗಳು ಬೇರೆಯೇ ಆಗಿ ಕಾಣುತ್ತವೆ. ಆದರೆ ಏಳುನೂರು ವರ್ಷದ ಮೇಲೂ ಕಾರ್ನಾರ್ವನ್‌ನ ಆ ಗೋಡೆಯ ಹೊರಗೆ ಅಂಗಡಿಯವರು, ಮಕ್ಕಳು ವೆಲ್ಷ್ ಭಾಷೆಯನ್ನೇ ಮಾತಾಡುತ್ತಾರೆ! ಬೋರ್ಡುಗಳಲ್ಲೂ ಅದೇ ಮೊದಲು. ಕನ್ನಡದವಳಾಗಿ ನನಗೆ ಕೋಟೆಗಿಂತ ಹೆಚ್ಚು ಹಿಡಿಸಿದ್ದು ಇದು. ‘ದಿಯೋಲ್ಕ್’ ಎಂದರೆ ಧನ್ಯವಾದ, ಕಲಿತುಹೋಗಿ.

ಉಳಿದ ನಾಲ್ಕು ರಾತ್ರಿ ಕಾನ್ವಿ. ಕಾರ್ನಾರ್ವನ್‌ನಿಂದ ಬ್ಯಾಂಗರ್‌ವರೆಗೆ ಬಸ್ಸು, ಅಲ್ಲಿಂದ ರೈಲು. ಊರ ಸುತ್ತಲಿನ ಕೋಟೆಗೋಡೆ 1.3 ಕಿ.ಮೀ., ಬುರುಜುಗಳು 21, ಬಹುಪಾಲು ಗೋಡೆಯ ಮೇಲೆ ಬಿಟ್ಟಿಯಾಗಿ ನಡೆಯಬಹುದು. ಮಂಡಿನೋವಿದ್ದರೆ ಕೋಟೆಯ ಬುರುಜಿನ ಸುರುಳಿ ಮೆಟ್ಟಿಲು ಬೇಡ, ಒಳಗಿನ ಅಂಗಳವೇ ಚೆಂದ. ಒಂದು ದಿನ ಬ್ಯೂಮಾರಿಸ್‌ಗೆ ಹೋಗಿಬನ್ನಿ. 1295ರಲ್ಲಿ ಶುರುವಾಗಿ ಕೊನೆಗೂ ಪೂರ್ತಿಯಾಗದ ಕೋಟೆ ಅದು, ಸುತ್ತ ನೀರಿನ ಕಂದಕ.

ಸಸ್ಯಾಹಾರಿಗಳಾದರೆ ಜಾಕೆಟ್ ಪೊಟೇಟೊ (ಸಿಪ್ಪೆಸಮೇತ ಸುಟ್ಟ ಆಲೂಗಡ್ಡೆ) ಎಲ್ಲೆಡೆ ಸಿಗುತ್ತದೆ. ವೆಲ್ಷ್ ಕೇಕಿಗೆ ಕೆಲವರು ಹಂದಿಕೊಬ್ಬು ಹಾಕುತ್ತಾರೆ, ಕೇಳಿ ತಿನ್ನಿ. ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಇಲ್ಲಿಗೆ ನಡೆಯುವುದಿಲ್ಲ, ಬ್ರಿಟನ್ನಿನ ವೀಸಾವೇ ಬೇಕು.