ಹಾಡಿನೊಳಗಿನ ‘ನೀನು’ ಯಾರು? ಗಾಯನ ತಂಡದ ನಾಯಕಿಯೊಬ್ಬರ ಪ್ರಕರಣ

(ಗುರುತು ಹತ್ತುವ ವಿವರಗಳನ್ನೆಲ್ಲ ಬದಲಿಸಲಾಗಿದೆ.)

ನಮ್ಮ ಬಳಿ ಆಪ್ತಸಲಹೆಗೆ ಬಂದವರು ಮೂವತ್ತು ದಾಟಿದ ಮಹಿಳೆ. ಆರು ವರ್ಷದಿಂದ ಕ್ರೈಸ್ತ ಸಭೆಯೊಂದರ ಗಾಯನ ತಂಡ ನಡೆಸುತ್ತಿದ್ದರು. ಶನಿವಾರ ಸಂಜೆಯಾದರೆ ಹೊಟ್ಟೆ ತೊಳಸುತ್ತದೆ, ನಿದ್ದೆ ಹತ್ತುವುದಿಲ್ಲ, ತಂಡ ಬಿಟ್ಟುಬಿಡಬೇಕೆನಿಸುತ್ತದೆ ಎಂಬುದು ಅವರ ದೂರು. ಇದಕ್ಕೆ ಮೂಲ ಒಂದು ಭಾನುವಾರದ ಆರಾಧನೆ. ಪ್ರಸಂಗ (ಸಭಾಪಾಲಕರ ಬೋಧನೆ) ಮುಗಿದ ಮೇಲೆ, ಎಲ್ಲರಿಗೂ ಬಾಯಿಪಾಠವಿದ್ದ ಒಂದು ಪ್ರೇಮಗೀತೆಯನ್ನು ‘ನೀನು ಅಂದರೆ ದೇವರು ಅಂದುಕೊಳ್ಳಿ’ ಎಂದು ಹೇಳಿ ಹಾಡಿಸಿದ್ದರು. ಹಿರಿಯರೊಬ್ಬರು ನಡುವೆಯೇ ಎದ್ದು ಹೊರಟರು. ಮರುದಿನ ಅವರ ಪತ್ರ ಬಂತು: ಪೀಠದ ಮುಂದಕ್ಕೆ ಸಂತೆ ತಂದಿರಿ ಎಂದು.

ಅದಕ್ಕೆ ಇವರು ಬರೆದ ಮೂರು ಪುಟಗಳ ಉತ್ತರ ಚೀಲದಲ್ಲೇ ಇತ್ತು. ಸದ್ಯಕ್ಕೆ ಕಳಿಸಬೇಡಿ ಎಂಬುದು ಮೊದಲ ಸಲಹೆ. ಎರಡನೆಯದು, ಹಿರಿಯರ ಪತ್ರದಲ್ಲಿ ಹಾಡಿನ ಬಗ್ಗೆ ಇರುವ ವಾಕ್ಯಗಳಿಗೆ ಒಂದು ಬಣ್ಣದ ಗೆರೆ, ತಮ್ಮ ಬಗ್ಗೆ ಇರುವುದಕ್ಕೆ ಇನ್ನೊಂದು ಬಣ್ಣದ ಗೆರೆ ಎಳೆಯಬೇಕು ಎಂದು. ಹದಿನಾಲ್ಕು ವಾಕ್ಯಗಳಲ್ಲಿ ಅವರ ಬಗ್ಗೆ ಇದ್ದದ್ದು ಎರಡೇ. ಯಾವ ಬಣ್ಣಕ್ಕೂ ಸಿಗದ ವಾಕ್ಯವೂ ಒಂದಿತ್ತು: ‘ನನ್ನ ಮಗಳ ಮದುವೆಯ ಔತಣದಲ್ಲಿ ನುಡಿಸಿದ್ದು ಇದೇ ಹಾಡು, ಆ ಮದುವೆ ಉಳಿಯಲಿಲ್ಲ.’ ಅಷ್ಟು ದಿನ ನಾಯಕಿ ಅದನ್ನು ಓದಿಯೂ ಓದಿರಲಿಲ್ಲ.

ಇಂಥ ಜಗಳಗಳು ಸಾಮಾನ್ಯವಾಗಿ ‘ಧಾಟಿ ಪವಿತ್ರವೋ ಅಲ್ಲವೋ’ ಎಂಬಲ್ಲಿ ಸಿಕ್ಕಿಕೊಳ್ಳುತ್ತವೆ. ಸ್ವರಗಳಿಗೆ ಪಾಪವಿಲ್ಲ. ಆದರೆ ಧಾಟಿ ಬರಿಗೈಯಲ್ಲಿ ಬರುವುದಿಲ್ಲ, ತಾನು ಹಿಂದೆ ಇದ್ದ ಕಡೆಯ ನೆನಪುಗಳನ್ನು ಹೊತ್ತುಕೊಂಡೇ ಒಳಗೆ ಬರುತ್ತದೆ.

ಅವರ ಉತ್ತರದ ಮೂರನೇ ಪುಟದಲ್ಲಿ, ಹದಿನಾರನೇ ಶತಮಾನದ ಜರ್ಮನ್ ಧರ್ಮಸುಧಾರಕ ಲೂಥರ್ ಅವರನ್ನು ಮುಂದಿಟ್ಟು, ‘ಲೂಥರ್ ಹೆಂಡದಂಗಡಿಯ ಹಾಡು ಬಳಸಲಿಲ್ಲವೇ’ ಎಂಬ ವಾದವಿತ್ತು. ಅದನ್ನು ಕೈಬಿಡಲು ಹೇಳಿದೆವು. ಆ ಮಾತು ಬಹುಶಃ ‘ಬಾರ್’ ಎಂಬ ಪದವನ್ನು ಹೆಂಡದಂಗಡಿ ಎಂದು ತಪ್ಪಾಗಿ ತಿಳಿದದ್ದರಿಂದ ಹುಟ್ಟಿದ್ದು. ಅದು ಆ ಕಾಲದ ಜರ್ಮನ್ ಹಾಡುಗಳ ಒಂದು ರಚನೆಯ ಹೆಸರು: ಒಂದೇ ಧಾಟಿ ಎರಡು ಸಲ, ಆಮೇಲೆ ಬೇರೊಂದು. ಲೂಥರ್ ತಮ್ಮ ಒಂದು ಕ್ರಿಸ್ಮಸ್ ಗೀತೆಯನ್ನು 1535ರಲ್ಲಿ ಲೌಕಿಕ ಧಾಟಿಗೆ ಕೂರಿಸಿದ್ದು ನಿಜ, ಆದರೆ 1539ರಲ್ಲಿ ಅದಕ್ಕೆ ಬೇರೆಯೇ ಧಾಟಿ ಬಂತು. ನಾಯಕಿಯ ವಾದದ ಪರವಾಗಿ ನಿಲ್ಲುವ ಉದಾಹರಣೆ ಜರ್ಮನ್ ಸಂಗೀತಕಾರ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆ. ಅದರ ಧಾಟಿ ಮುಂದೆ ಕ್ರಿಸ್ತನ ಪಾಡಿನ ಗೀತೆಗೆ ಸೇರಿ, ಆ ಯಾತನೆಯ ಕಥೆಯನ್ನು ಸಂಗೀತದಲ್ಲಿ ಹೇಳುವ, ಜರ್ಮನ್ ಸಂಗೀತಕಾರ ಬಾಖ್‌ನ ಮತ್ತಾಯನ ಪ್ಯಾಶನ್‌ನಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಅಲ್ಲಿ ಪದ ಬದಲಾಗಿತ್ತು, ಹಳೆಯ ನೆನಪೂ ಸವೆದಿತ್ತು. ಹಿರಿಯರ ಅಂಜಿಕೆಯೂ ಹಳೆಯದೇ. ಹಾಡಿದ ವಿಷಯಕ್ಕಿಂತ ಹಾಡುವಿಕೆಯೇ ಮನಸ್ಸನ್ನು ಹೆಚ್ಚು ಕಲಕಿದರೆ ತನ್ನಿಂದ ತಪ್ಪಾಯಿತು ಎಂದು ಆದಿ ಸಭೆಯ ಗುರು ಅಗಸ್ಟೀನ್ ನಿವೇದಿಸಿಕೊಂಡಿದ್ದಾನೆ.

ಆ ಹಾಡನ್ನು ಎಲ್ಲಿಟ್ಟರು ಎಂಬುದು ಇನ್ನೂ ಮುಖ್ಯ. ಲೌಕಿಕ ಹಾಡು ಆರಾಧನೆಗೆ ಮೂರು ಬಗೆಯಲ್ಲಿ ಬರಬಹುದು: ಹೊಸ ಪದಗಳಿಗೆ ಧಾಟಿಯಾಗಿ, ಪ್ರಸಂಗದ ಉದಾಹರಣೆಯಾಗಿ, ಇಲ್ಲವೇ ಇದ್ದ ಹಾಗೆಯೇ ಪ್ರಾರ್ಥನೆಯಾಗಿ. ಅವರು ಆರಿಸಿದ್ದು ಮೂರನೆಯದು, ಅದೇ ಎಲ್ಲಕ್ಕಿಂತ ಕಷ್ಟದ್ದು. ಕೇಳುವವರು ಒಪ್ಪದೆಯೂ ಕೇಳಬಹುದು. ಹಾಡುವವರ ಬಾಯಿಂದ ಮಾತ್ರ ಆ ಮಾತು ಹೊರಟೇಬಿಡುತ್ತದೆ. ಬೇರೊಬ್ಬ ಪ್ರೇಮಿಗೆ ಬರೆದ ‘ನೀನು’ ಅನ್ನು ದೇವರ ಕಡೆಗೆ ತಿರುಗಿಸಿಕೊಳ್ಳಿ ಎಂದು ಒಂದೇ ವಾಕ್ಯದಲ್ಲಿ ಹೇಳಿದರೆ ಅರ್ಧ ಸಭೆಗೆ ಅದು ಆಗುವುದಿಲ್ಲ. ಅದೇ ಹಾಡನ್ನು ಪ್ರಸಂಗದ ಮೊದಲು ಒಂದೂವರೆ ನಿಮಿಷ ಕೇಳಿಸಿ, ಅದರೊಳಗಿನ ಹಂಬಲವನ್ನು ಸಭಾಪಾಲಕರು ಮಾತಿಗೆ ಎತ್ತಿಕೊಂಡಿದ್ದರೆ ಯಾರ ಮೇಲೂ ಒತ್ತಾಯವಿರುತ್ತಿರಲಿಲ್ಲ. ಪಾಪನಿವೇದನೆ, ಪ್ರಭುಭೋಜನದ (ರೊಟ್ಟಿ-ದ್ರಾಕ್ಷಾರಸ ಹಂಚುವ ಆಚರಣೆಯ) ಹೊತ್ತಿನಲ್ಲಿ ಬೇಡವೇ ಬೇಡ.

‘ಜನ ಹಾಡಲೂ ಇಲ್ಲ’ ಎಂದು ಕಣ್ಣೀರು ಹಾಕಿದರು. ಅದು ತಿರಸ್ಕಾರವಲ್ಲ, ಶ್ರುತಿಯ ತೊಂದರೆ. ಸಾಮಾನ್ಯ ಸಭೆ ನೆಮ್ಮದಿಯಾಗಿ ಹಾಡುವುದು ಒಂದು ಸಪ್ತಕ, ಹೆಚ್ಚೆಂದರೆ ಮೇಲೆ ಇನ್ನೆರಡು ಸ್ವರ. ಈ ಹಾಡಿನ ವ್ಯಾಪ್ತಿ ಒಂದೂವರೆ ಸಪ್ತಕ, ಅದೂ ಮೂಲ ಗಾಯಕರ ಎತ್ತರದ ಶ್ರುತಿಯಲ್ಲಿ. ಚರಣಗಳು ತಾಳದ ಪೆಟ್ಟು ತಪ್ಪಿಸಿ ಶುರುವಾಗುತ್ತಿದ್ದವು. ಮನೆಯಲ್ಲಿ ಗುನುಗುವ ಹಾಡು ನೂರು ಜನ ಒಟ್ಟಿಗೆ ಹಾಡುವ ಹಾಡೇ ಆಗಬೇಕೆಂದಿಲ್ಲ.

ಮುಂದಕ್ಕೆ ಹೀಗೆ ಮಾಡಲು ಹೇಳಿದೆವು. ಪದಗಳನ್ನು ಧಾಟಿಯಿಲ್ಲದೆ ಗಟ್ಟಿಯಾಗಿ ಓದಿ, ಕೊನೆಗೆ ಆಮೆನ್ ಅನ್ನಲು ಬರುತ್ತದೆಯೇ ನೋಡಿ. ಬೇರೆ ಬೇರೆ ವಯಸ್ಸಿನ ಐವರಿಗೆ ಧಾಟಿಯನ್ನಷ್ಟೇ ಕೇಳಿಸಿ, ಮೊದಲು ನೆನಪಾಗಿದ್ದು ಏನೆಂದು ಕೇಳಿ. ಇಬ್ಬರ ಬಾಯಲ್ಲಿ ಯಾವುದೋ ದೃಶ್ಯವೋ ವ್ಯಕ್ತಿಯೋ ಬಂದರೆ ಆ ಧಾಟಿ ಸದ್ಯಕ್ಕೆ ಬೇಡ. ಬುಧವಾರದೊಳಗೆ ಪದಗಳು ಸಭಾಪಾಲಕರ ಕೈಯಲ್ಲಿರಲಿ. ನೇರ ಪ್ರಸಾರವಿದ್ದರೆ ಹಕ್ಕುದಾರರ ಅನುಮತಿಯನ್ನು ಪ್ರತ್ಯೇಕವಾಗಿ ವಿಚಾರಿಸಿ. ಸಭೆಯೊಳಗೆ ಹಾಡುವುದಕ್ಕೂ ಅಂತರ್ಜಾಲಕ್ಕೆ ಏರಿಸುವುದಕ್ಕೂ ಒಂದೇ ನಿಯಮವಿರುವುದಿಲ್ಲ.

ಹಿರಿಯರ ಭೇಟಿಗೆ ಕೊಟ್ಟ ಸಲಹೆ ಚಿಕ್ಕದು. ಹಾಡಿನ ಮಾತು ಮೊದಲು ಎತ್ತಬೇಡಿ, ಮಗಳು ಹೇಗಿದ್ದಾಳೆಂದು ಕೇಳಿ. ನಿಮ್ಮ ಅಭಿರುಚಿಗೆ ಕ್ಷಮೆ ಕೇಳಬೇಕಿಲ್ಲ, ಮೊದಲೇ ತಿಳಿಸದೆ ಹಾಡಿಸಿದ್ದಕ್ಕೆ ಕೇಳಿ.

ಇಬ್ಬರೂ ಒಂದು ಗಂಟೆಗೂ ಹೆಚ್ಚು ಹೊತ್ತು ಕೂತಿದ್ದರು. ಹಿರಿಯರ ಅಭಿಪ್ರಾಯ ಬದಲಾಗಲಿಲ್ಲ. ಆ ಒಂದು ಹಾಡು ಮಾತ್ರ ಮತ್ತೆ ಬೇಡ, ಉಳಿದವನ್ನು ಮೊದಲೇ ತಿಳಿಸಿದರೆ ಸಾಕು ಎಂದರು. ನಾಯಕಿ ತಂಡ ಬಿಟ್ಟಿಲ್ಲ. ಐದನೇ ಭೇಟಿಯ ಹೊತ್ತಿಗೆ ಶನಿವಾರದ ನಿದ್ದೆ ಮರಳಿತ್ತು. ಹೊಟ್ಟೆಯ ತೊಳಸು ಪೂರ್ತಿ ಹೋಗದಿದ್ದರಿಂದ ವೈದ್ಯರನ್ನು ಕಾಣಲು ಹೇಳಿ ಕಳಿಸಿದೆವು.