ಬೆಳಗ್ಗೆ ನೇತ್ರಾಣಿ, ರಾತ್ರಿ ಗೋಣಿಕೊಪ್ಪ: ಆಗುತ್ತಾ?

ಕಾಫಿ ಕೊಯ್ಲು ಮುಗಿಯುತ್ತಾ ಬಂತು, ಎಲ್ಲರ ಕೈಯಲ್ಲೂ ನಾಲ್ಕು ಕಾಸು ಓಡಾಡುತ್ತಿದೆ ಅಂತ ಕಾಣುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಸಮುದ್ರದ್ದೇ ಜಾಸ್ತಿ. ಬೆಟ್ಟದಲ್ಲಿ ಇರುವವರಿಗೆ ಉಪ್ಪುನೀರಿನ ಹುಚ್ಚು ಒಂದು ತೂಕ ಹೆಚ್ಚೇ, ಅಲ್ವಾ?

ಪ್ರಶ್ನೆ: ಸರ್, ರೊಬಸ್ಟಾ ಕೊಯ್ಲು ಮುಗಿಸಿ ನಾವು ನಾಲ್ಕು ಜನ ಕಸಿನ್ಸ್ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಸಿಲಿಂಡರ್ ಗಾಳಿ ಉಸಿರಾಡುತ್ತಾ ನೀರೊಳಗೆ ಇಳಿಯುವ ಡೈವಿಂಗ್) ಮಾಡಬೇಕು ಅಂತಿದ್ದೇವೆ. ಇಬ್ಬರಿಗೆ ಈಜು ಬರುವುದಿಲ್ಲ. ಬೆಳಗ್ಗೆ ಡೈವ್, ಮಧ್ಯಾಹ್ನ ಮೀನೂಟ, ರಾತ್ರಿ ಮನೆ. ತೊಂದರೆ ಇಲ್ಲ ತಾನೆ?
(ಓದುಗ, ಗೋಣಿಕೊಪ್ಪ)

ಉತ್ತರ: ಈಜು ಬರದಿದ್ದರೆ ಅಂಥ ತೊಂದರೆ ಇಲ್ಲ. ಮೊದಲ ಸಲ ಇಳಿಯುವವರ ಜೊತೆ ತರಬೇತುದಾರರು ಕೈಯಳತೆಯಲ್ಲೇ ಇರುತ್ತಾರೆ. 12 ಮೀಟರ್‌ಗಿಂತ ಕೆಳಗೆ ಕರೆದೊಯ್ಯುವಂತಿಲ್ಲ. ನೀರಿನ ಭಯ ಇದ್ದರೆ ಮೊದಲೇ ಹೇಳಿಬಿಡಿ, ಅಷ್ಟೆ. ನನಗೆ ದಿಗಿಲಾಗಿದ್ದು ನಿಮ್ಮ 'ರಾತ್ರಿ ಮನೆ' ಅನ್ನೋ ಮಾತಿಗೆ.

ಸಂಪಾಜೆ ಘಾಟಿ ಹತ್ತುವಾಗ ಕಿವಿ ಗುಂಯ್ ಅನ್ನುತ್ತಲ್ಲ, ಅದು ಗಾಳಿಯ ಒತ್ತಡ ಕಡಿಮೆಯಾಗುವುದರಿಂದ. ನೀರಿನಲ್ಲಿ ಇದೇ ಆಟ ತಿರುವುಮುರುವು, ಅದೂ ಭಾರಿ ಬೇಗ. ಹತ್ತು ಮೀಟರ್ ಇಳಿದರೆ ಸಾಕು, ಒತ್ತಡ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಸಿಲಿಂಡರ್ ಗಾಳಿ ಉಸಿರಾಡಿದಾಗ ನೈಟ್ರೋಜನ್ ಮಾಮೂಲಿಗಿಂತ ಜಾಸ್ತಿ ರಕ್ತದಲ್ಲಿ ಕರಗಿಕೊಳ್ಳುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನಕ್ಕೆ ಉಸಿರಿನ ಜೊತೆ ಹೊರಗೆ ಹೋಗಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ನೀವು ಎತ್ತರದ ಊರಿಗೆ ಹತ್ತಿಬಿಟ್ಟರೆ ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ರಕ್ತದಲ್ಲೇ ಗುಳ್ಳೆ ಏಳಬಹುದು. ಕೀಲುನೋವಿನಿಂದ ಶುರುವಾಗಿ ಕೈಕಾಲು ಸ್ವಾಧೀನ ತಪ್ಪುವವರೆಗೂ ಹೋಗಬಹುದಾದ ಕಾಯಿಲೆ ಅದು.

ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರೂ ಹೇಳುತ್ತಾರೆ. ದೋಣಿಯಲ್ಲೂ 'ಫ್ಲೈಟ್ ಯಾವಾಗ?' ಅಂತ ಕೇಳುತ್ತಾರೆ. 'ನಿಮ್ಮ ಊರು ಎಷ್ಟು ಎತ್ತರ?' ಅಂತ ನನ್ನನ್ನು ಇವತ್ತಿನವರೆಗೂ ಯಾರೂ ಕೇಳಿಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅಂತ ಡೈವರ್‌ಗಳ ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆ ಇದೆ. ಅವರ ಲೆಕ್ಕದಲ್ಲಿ ಸುಮಾರು 600 ಮೀಟರ್‌ಗಿಂತ ಮೇಲೆ ಹೋಗುವುದೂ ವಿಮಾನ ಹತ್ತಿದ ಹಾಗೇ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಜಾಸ್ತಿ ಆದರೆ 18 ಗಂಟೆ ಕಾಯಬೇಕು. ದಾರಿಯಲ್ಲಿ ಸಿಗುವ ಮಡಿಕೇರಿ 1,100 ಮೀಟರ್ ದಾಟಿದ ಊರು. ಮಾಕುಟ್ಟದ ಕಡೆಯಿಂದ ಸುತ್ತಿ ಬಂದರೂ ವಿರಾಜಪೇಟೆ ಹತ್ತಲೇಬೇಕಲ್ಲ! ನಿಮ್ಮದು ಆಳ ಕಡಿಮೆ ಇರುವ ಡೈವ್, ಹಾಗಾಗಿ ಅಪಾಯವೂ ಕಡಿಮೆ, ನಿಜ. ಆದರೂ ಆ ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಬೆಳಗ್ಗೆ ತಿಂಡಿ ತಿಂದು ಹೊರಡಿ. ಎರಡು ಡೈವ್ ಮಾಡಿದ್ದರೂ ಘಾಟಿ ಬುಡಕ್ಕೆ ಬರುವಷ್ಟರಲ್ಲಿ ಲೆಕ್ಕ ಚುಕ್ತಾ ಆಗಿರುತ್ತದೆ.

ಇನ್ನೊಂದು, ನೆಗಡಿ ಇದ್ದರೆ ಇಳಿಯಲೇಬೇಡಿ. ನಾನು ಒಂದು ಸಲ 'ಸ್ವಲ್ಪವೇ ತಾನೆ' ಅಂತ ಇಳಿದು, ಮೂರು ಮೀಟರ್ ಹೋಗುವಷ್ಟರಲ್ಲಿ ಕಿವಿಗೆ ದಬ್ಬಣ ತೂರಿಸಿದ ಹಾಗಾಗಿ ಮೇಲೆ ಬಂದೆ, ಉಳಿದ ಹೊತ್ತೆಲ್ಲ ದೋಣಿಯಲ್ಲಿ ಕೂತು ಬೇರೆಯವರ ಗುಳ್ಳೆ ಎಣಿಸಿದೆ. ದುಡ್ಡೂ ಹೋಯಿತು. ನೀರೊಳಗೆ ಯಾವ ಕಾರಣಕ್ಕೂ ಉಸಿರು ಬಿಗಿ ಹಿಡಿಯಬೇಡಿ. ಮೇಲೆ ಬರುವಾಗ ಎದೆಯೊಳಗಿನ ಗಾಳಿ ಹಿಗ್ಗುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಬೇಕು. ಮತ್ತೆ ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಬಂದ್. ಹೋಗುವುದಿದ್ದರೆ ಮೇ ಒಳಗೆ ಹೋಗಿ.

ಪ್ರಶ್ನೆ: ಹವಳ ಅಂದರೆ ಕಲ್ಲೋ, ಗಿಡವೋ, ಪ್ರಾಣಿಯೋ? ಅದು ಬೆಳ್ಳಗಾಗುತ್ತಿದೆ ಅಂತ ಪೇಪರ್‌ನಲ್ಲಿ ಬರುತ್ತದೆ. ಮಕ್ಕಳು ಕೇಳಿದರೆ ನನಗೇ ಗೊತ್ತಿಲ್ಲ.
(ಶಿಕ್ಷಕಿ, ವಿರಾಜಪೇಟೆ)

ಉತ್ತರ: ಮೂರೂ ಹೌದು ಅಂದರೂ ತಪ್ಪಲ್ಲ, ಟೀಚರ್. ಜೀವ ಪ್ರಾಣಿಯದು. ಸಾಮಾನ್ಯವಾಗಿ ಅಕ್ಕಿಕಾಳಿನಷ್ಟೋ ಉಗುರಿನಷ್ಟೋ ಇರುವ ಪಾಲಿಪ್ ಅನ್ನೋ ಸಾವಿರಾರು ಪುಟ್ಟ ಜೀವಿಗಳು ಒಟ್ಟಾಗಿ ಸುಣ್ಣದ ಮನೆ ಕಟ್ಟುತ್ತವೆ, ಅದು ಕಲ್ಲು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಬಾಡಿಗೆ ಅಂದರೆ ಊಟ: ಬಿಸಿಲಲ್ಲಿ ಅದು ತಯಾರಿಸುವ ಸಕ್ಕರೆಯೇ ಹವಳದ ಆಹಾರದ ಬಹುಪಾಲು. ಬಣ್ಣವೂ ಹೆಚ್ಚಾಗಿ ಅದರದ್ದೇ.

ಸೆಕೆಗಾಲದ ಮಾಮೂಲಿ ಬಿಸಿಗಿಂತ ನೀರು ಒಂದೇ ಒಂದು ಡಿಗ್ರಿ ಜಾಸ್ತಿಯಾಗಿ ನಾಲ್ಕಾರು ವಾರ ಹಾಗೇ ನಿಂತರೆ ಪಾಚಿ ವಿಷ ಕಾರಲು ಶುರು ಮಾಡುತ್ತದೆ, ಹವಳ ಅದನ್ನು ಹೊರಗೆ ಹಾಕುತ್ತದೆ. ಆಗ ಒಳಗಿನ ಸುಣ್ಣ ಕಾಣುತ್ತದೆ. ಬೆಳ್ಳಗಾದ ಹವಳ ಸತ್ತಿಲ್ಲ, ಉಪವಾಸ ಬಿದ್ದಿದೆ. ನೀರು ಬೇಗ ತಣ್ಣಗಾದರೆ ಪಾಚಿ ಮರಳಿ ಬಂದು ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು, 2024ರಲ್ಲಿ ಮತ್ತೆ. ಚೇತರಿಸಿಕೊಳ್ಳಲು ಬಿಡುವೇ ಸಿಗುತ್ತಿಲ್ಲ ಅನ್ನೋದು ಸಂಕಟ. ಹವಳದ ದಿಬ್ಬ ಅಂದರೆ ಸಮುದ್ರದ ತಳದಲ್ಲಿ ನೂರರಲ್ಲಿ ಒಂದು ಪಾಲೂ ಇಲ್ಲದ ಜಾಗ, ಆದರೆ ಕಡಲ ಜೀವಿಗಳಲ್ಲಿ ಕಾಲು ಭಾಗ ಅದನ್ನೇ ನಂಬಿಕೊಂಡಿದೆ.

ಬಿಸಿ ನೀರನ್ನು ಡೈವ್ ಮಾಡುವವರು ತಣ್ಣಗೆ ಮಾಡಲಾಗದು, ಒಪ್ಪುತ್ತೇನೆ. ಆದರೆ ಕಾಲು ನಮ್ಮದೇ. ಅಂಡಮಾನ್‌ನಲ್ಲಿ ಫೋಟೋಗೆ ಅಂತ ತಿರುಗಲು ಹೋಗಿ ನನ್ನ ಕಾಲಿನ ಫಿನ್ (ಈಜುವ ರೆಕ್ಕೆ) ತಗುಲಿ ಬೆರಳುದ್ದದ ಕವಲು ಟಕ್ ಅಂತ ಮುರಿಯಿತು. ನೀರೊಳಗೆ ಆ ಶಬ್ದ ಕೇಳಿಸುತ್ತದೆ. ಕವಲು ಹವಳ ವರ್ಷಕ್ಕೆ ಹತ್ತು ಸೆಂಟಿಮೀಟರ್ ಆಜುಬಾಜು ಬೆಳೆದೀತು. ಗುಂಡು ಬಂಡೆಯ ಹಾಗಿರುವ ಜಾತಿಗಳು ಒಂದೇ ಸೆಂಟಿಮೀಟರ್. ಜೀಪಿನ ಬಾನೆಟ್‌ನಷ್ಟು ದೊಡ್ಡದು ಕಂಡರೆ ಅದು ನಿಮ್ಮ ತಾತ ನೆಟ್ಟ ಹಲಸಿನ ಮರಕ್ಕಿಂತ ಹಿರಿದು ಅಂತಲೇ ತಿಳಿಯಿರಿ.

ಮಕ್ಕಳಿಗೆ ಗಿಳಿಮೀನಿನ ಕತೆ ಹೇಳಿ. ಅದು ಪಾಚಿಗಾಗಿ ಹವಳವನ್ನು ಕಟಕಟ ಕಡಿಯುತ್ತದೆ, ನಮಗೂ ಕೇಳಿಸುತ್ತದೆ. ನುಂಗಿದ ಸುಣ್ಣವೆಲ್ಲ ಹಿಂದಿನಿಂದ ಬಿಳಿ ಮರಳಾಗಿ ಬೀಳುತ್ತದೆ. ದ್ವೀಪದ ಬೀಚ್‌ನಲ್ಲಿ ನಾವು ಬರಿಗಾಲಲ್ಲಿ ಓಡಾಡುವ ಮರಳಲ್ಲಿ ಎಷ್ಟೋ ಭಾಗ ಅದೇ. ತರಗತಿ ನಗದಿದ್ದರೆ ಕೇಳಿ.

ಪ್ರಶ್ನೆ: 2018ರಲ್ಲಿ ನಮ್ಮ ಕಡೆ ಗುಡ್ಡ ಜರಿದು ಪಯಸ್ವಿನಿ ಕೆಂಪಗೆ ಹರಿಯಿತಲ್ಲ, ಆ ಮಣ್ಣು ಹವಳಕ್ಕೆ ಏನಾದರೂ ಮಾಡಿತೇ?
(ಓದುಗ, ಸಂಪಾಜೆ)

ಉತ್ತರ: ಪಯಸ್ವಿನಿ ಕಾಸರಗೋಡಿನ ಹತ್ತಿರ ಚಂದ್ರಗಿರಿ ಅನ್ನೋ ಹೆಸರಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅಲ್ಲಿ ದೊಡ್ಡ ಹವಳದ ದಿಬ್ಬ ಇಲ್ಲ. ನಮ್ಮ ದಂಡೆಯ ಉದ್ದಕ್ಕೂ ಅದು ಇಲ್ಲದಿರುವುದಕ್ಕೆ ಮಳೆಗಾಲದ ನದಿಗಳ ಸಿಹಿನೀರು, ಕೆಸರೇ ದೊಡ್ಡ ಕಾರಣ. ಮಣ್ಣು ಕೂತರೆ ಬೆಳಕಿಲ್ಲ, ಬೆಳಕಿಲ್ಲದಿದ್ದರೆ ಪಾಚಿಗೆ ಕೆಲಸವಿಲ್ಲ. ನೇತ್ರಾಣಿ ದಂಡೆಯಿಂದ ಸುಮಾರು 19 ಕಿ.ಮೀ. ದೂರ ಇದೆ, ಅಲ್ಲಿ ನೀರು ತಿಳಿ, ಹಾಗಾಗಿ ಹವಳ ಇದೆ.

ಪ್ರಶ್ನೆ: ಮಾವ ದ್ವೀಪದಿಂದ ತಂದುಕೊಟ್ಟ ಹವಳದ ತುಂಡು ನಮ್ಮ ಶೋಕೇಸ್‌ನಲ್ಲಿದೆ. ಇಟ್ಟುಕೊಳ್ಳಬಹುದಾ?
(ಓದುಗಿ, ನಾಪೋಕ್ಲು)

ಉತ್ತರ: ಇಲ್ಲ. ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಇರುವ ಪಟ್ಟಿ ಅದು. ಸತ್ತ ತುಂಡಾದರೂ ಅಷ್ಟೇ. ಮಾವನ ಮೇಲೆ ಸಿಟ್ಟು ಬೇಡ, ಸುಮ್ನೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ವಿಷಯ ಹೇಳಿ ಏನು ಮಾಡಬೇಕು ಅಂತ ಕೇಳಿ. ಕೊಡುವ ಮುಂಚೆ ಒಂದು ಸಲ ಭೂತಗನ್ನಡಿ ಹಿಡಿದು ನೋಡಿಬಿಡಿ. ಮೇಲೆಲ್ಲ ನಕ್ಷತ್ರದ ಹಾಗೆ ಸಣ್ಣ ಸಣ್ಣ ಗುಳಿ ಕಾಣುತ್ತವೆ. ಒಂದೊಂದು ಗುಳಿಯಲ್ಲೂ ಒಂದೊಂದು ಪಾಲಿಪ್ ಕೂತಿತ್ತು.