ನಿಮ್ಮ ಬರಹ ಎಲ್ಲಿ ಕೂತಿದೆ? ಮೊದಲ ಜಾಲತಾಣ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ವಿಜ್ಞಾನ ಶಿಕ್ಷಕಿ. ಮಕ್ಕಳಿಗಾಗಿ ಬರೆದ ಸುಮಾರು 60 ಪಾಠಗಳು, ಅವುಗಳ ಚಿತ್ರಗಳು ನನ್ನ ಬಳಿ ಇವೆ. ಅವನ್ನು ಒಂದು ಜಾಲತಾಣದಲ್ಲಿ ಹಾಕಬೇಕೆಂಬ ಆಸೆಯಿದೆ, ಆದರೆ ಕೋಡ್ ಬರೆಯಲು ಬರುವುದಿಲ್ಲ. ಒಬ್ಬರು ವರ್ಡ್‌ಪ್ರೆಸ್ ಎನ್ನುತ್ತಾರೆ, ಇನ್ನೊಬ್ಬರು ಡ್ರೂಪಲ್ ಎನ್ನುತ್ತಾರೆ, ಮಗದೊಬ್ಬರು ಎಲ್ಲವನ್ನೂ ಸಿದ್ಧಪಡಿಸಿ ಕೊಡುವ ಸೇವೆಯೇ ಸಾಕು ಎನ್ನುತ್ತಾರೆ. ಎಲ್ಲಿಂದ ಆರಂಭಿಸಲಿ?

ಉತ್ತರ: ಯಾವ ವ್ಯವಸ್ಥೆ ಎಂದು ಕೇಳುವ ಮೊದಲು, ಇಂಥ ವ್ಯವಸ್ಥೆಗಳು ನಿಮ್ಮ ಬರಹವನ್ನು ಎಲ್ಲಿ ಇಡುತ್ತವೆ ಎಂಬುದನ್ನು ತಿಳಿದುಕೊಳ್ಳಿ. ಅದೊಂದು ಮನಸ್ಸಿನಲ್ಲಿ ಗಟ್ಟಿಯಾದರೆ ಮುಂದಿನ ಗೊಂದಲಗಳಲ್ಲಿ ಹೆಚ್ಚಿನವು ತಾವಾಗಿಯೇ ಬಗೆಹರಿಯುತ್ತವೆ. ಹಿಂದೆ ಪ್ರತಿ ಪುಟಕ್ಕೂ ಒಂದು ಪ್ರತ್ಯೇಕ ಎಚ್‌ಟಿಎಂಎಲ್ ಕಡತವನ್ನು ಬರೆದಿಡುತ್ತಿದ್ದರು; ಮೆನುವಿನಲ್ಲಿರುವ ಒಂದು ಹೆಸರನ್ನು ತಿದ್ದಬೇಕಾದರೂ ಅಷ್ಟೂ ಕಡತಗಳನ್ನು ತೆರೆಯಬೇಕಿತ್ತು. ವಿಷಯ ನಿರ್ವಹಣಾ ವ್ಯವಸ್ಥೆ, ಅಂದರೆ ಸಿಎಂಎಸ್, ಈ ಕೆಲಸವನ್ನು ಹಂಚಿಬಿಟ್ಟಿತು. ನಿಮ್ಮ ಪಾಠದ ಪಠ್ಯ, ಶೀರ್ಷಿಕೆ, ದಿನಾಂಕ, ವರ್ಗ ಎಲ್ಲವೂ ಡೇಟಾಬೇಸ್‌ನಲ್ಲಿ ಇರುತ್ತವೆ. ಚಿತ್ರಗಳು ಸರ್ವರಿನ, ಅಂದರೆ ತಾಣವನ್ನು ಓದುಗರಿಗೆ ಒದಗಿಸುವ ಕಂಪ್ಯೂಟರಿನ, ಒಂದು ಫೋಲ್ಡರಿನಲ್ಲಿ ಇರುತ್ತವೆ. ಪುಟದ ರೂಪವನ್ನು ಥೀಮ್ ಎಂಬ ಮತ್ತೊಂದು ಕಡತಗಳ ಗುಂಪು ನಿರ್ಧರಿಸುತ್ತದೆ. ಓದುಗರು ಪುಟವನ್ನು ತೆರೆದಾಗ ಈ ಮೂರನ್ನೂ ಸೇರಿಸಿ ಅಲ್ಲಿಯೇ ಪುಟವನ್ನು ಕಟ್ಟಿಕೊಡುವುದು ಸಿಎಂಎಸ್‌ನ ಕೆಲಸ. ಡೊಮೇನ್ ಹೆಸರು ಇವೆಲ್ಲದರ ಹೊರಗಿದೆ. ಅದು ಬರೀ ವಿಳಾಸ.

ಇನ್ನು ಆಯ್ಕೆಯ ವಿಷಯ. ಡ್ರೂಪಲ್ ಅನ್ನು ಡ್ರೀಸ್ ಬೈಟಾರ್ಟ್ 2001ರಲ್ಲಿ ಹೊರತಂದರು. ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ 2003ರ ಮೇ 27ರಂದು ಬಂತು. ಬಿ2 ಎಂಬ ಹಳೆಯ ತಂತ್ರಾಂಶವನ್ನು ಆಧಾರವಾಗಿಟ್ಟುಕೊಂಡು ಮ್ಯಾಟ್ ಮುಲ್ಲೆನ್ವೆಗ್ ಮತ್ತು ಮೈಕ್ ಲಿಟಲ್ ಅದನ್ನು ಆರಂಭಿಸಿದರು. ಎರಡೂ ಪಿಎಚ್‌ಪಿ ಭಾಷೆಯಲ್ಲಿ ಬರೆದಂಥವು, ಎರಡೂ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶಗಳು. ಹಲವು ಬಗೆಯ ದಾಖಲೆಗಳು, ಅವುಗಳ ನಡುವೆ ಸಂಬಂಧಗಳು, ಬೇರೆ ಬೇರೆ ಅಧಿಕಾರವುಳ್ಳ ಹತ್ತಾರು ಸಂಪಾದಕರು ಇರುವಲ್ಲಿ ಡ್ರೂಪಲ್ ತನ್ನ ಶಕ್ತಿಯನ್ನು ತೋರಿಸುತ್ತದೆ. ಒಬ್ಬರೇ ಬರೆದ 60 ಪಾಠಗಳಿಗೆ ಆ ಶಕ್ತಿ ಹೊರೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ನಿಮಗೆ ವರ್ಡ್‌ಪ್ರೆಸ್ ಸಾಕು. ಸಿದ್ಧ ಸೇವೆಗಳನ್ನು ನಾನು ತಳ್ಳಿಹಾಕುವುದಿಲ್ಲ, ಆದರೆ ಸೇರುವ ಮೊದಲೇ ಒಂದು ಪ್ರಶ್ನೆ ಕೇಳಿ: ನಾಳೆ ನಾನು ಹೊರಡುವುದಾದರೆ ನನ್ನ ಬರಹ, ಚಿತ್ರಗಳೆಲ್ಲವನ್ನೂ ಬೇರೆ ಕಡೆ ಬಳಸಲು ಬರುವ ರೂಪದಲ್ಲಿ ತೆಗೆದುಕೊಂಡು ಹೋಗಬಹುದೇ? ಸ್ಪಷ್ಟವಾದ ಉತ್ತರ ಸಿಗದಿದ್ದರೆ ಅಲ್ಲಿ ಬರೆಯಬೇಡಿ. ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿಯೂ ಎರಡು ಸಂಗತಿಗಳಿವೆ ಎಂಬುದನ್ನು ಗಮನಿಸಿ. ಡಾಟ್ ಆರ್ಗ್‌ನಲ್ಲಿ ಸಿಗುವುದು ನೀವು ಯಾವುದೇ ಹೋಸ್ಟಿಂಗ್‌ನಲ್ಲಿ, ಅಂದರೆ ಬಾಡಿಗೆಗೆ ಪಡೆದ ಸರ್ವರಿನ ಜಾಗದಲ್ಲಿ, ಹಾಕಿಕೊಳ್ಳಬಹುದಾದ ತಂತ್ರಾಂಶ. ಡಾಟ್ ಕಾಮ್ ಎನ್ನುವುದು ಅದೇ ತಂತ್ರಾಂಶದ ಮೇಲೆ ನಡೆಯುವ ಒಂದು ವಾಣಿಜ್ಯ ಸೇವೆ.

ಡೊಮೇನ್ ಅನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಖಾತೆಯಲ್ಲಿ, ನಿಮ್ಮ ಇಮೇಲ್‌ನಿಂದ ನೋಂದಾಯಿಸಿ. ಜಾಲತಾಣವನ್ನು ಪರಿಚಯದವರೇ ಕಟ್ಟಿಕೊಟ್ಟರೂ ಇದರಲ್ಲಿ ಸಡಿಲ ಬಿಡಬೇಡಿ, ಏಕೆಂದರೆ ಖಾತೆ ಯಾರದೋ ವಿಳಾಸ ಅವರದು. ಆ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದಾಗಿರಬಾರದು. ನವೀಕರಣ ತಪ್ಪಿ ಡೊಮೇನ್ ನಿಂತುಹೋದ ದಿನ ಆ ಅಂಚೆಪೆಟ್ಟಿಗೆಯೂ ನಿಲ್ಲುತ್ತದೆ. ಎಚ್ಚರಿಕೆಯ ಪತ್ರ ಬರಬೇಕಾದ ಬಾಗಿಲೇ ಆಗ ಮುಚ್ಚಿರುತ್ತದೆ.

ಇಷ್ಟಾದ ಮೇಲೆಯೂ ಥೀಮ್ ಹುಡುಕಲು ಹೊರಡಬೇಡಿ. ಒಂದು ಹಾಳೆಯಲ್ಲಿ 60 ಶೀರ್ಷಿಕೆಗಳನ್ನೂ ಬರೆದು, ಅವು ಯಾವ ಐದಾರು ಗುಂಪುಗಳಲ್ಲಿ ಸಹಜವಾಗಿ ಕೂರುತ್ತವೆ ಎಂದು ನೋಡಿ. ಆ ಗುಂಪುಗಳೇ ನಿಮ್ಮ ವರ್ಗಗಳು. ಗುಂಪುಗಳನ್ನು ದಾಟಿ ಬರುವ ವಿಷಯಗಳು, ಉದಾಹರಣೆಗೆ ಸಸ್ಯದ ಪಾಠದಲ್ಲಿಯೂ ಹವಾಮಾನದ ಪಾಠದಲ್ಲಿಯೂ ಬರುವ 'ನೀರು', ಟ್ಯಾಗ್ ಆಗಲಿ. ಪಾಠಗಳು 'ಪೋಸ್ಟ್' ಆಗಿರಲಿ, ಏಕೆಂದರೆ ವರ್ಗಗಳೂ ಟ್ಯಾಗ್‌ಗಳೂ ಅವುಗಳಿಗೇ ಅಂಟಿಕೊಳ್ಳುತ್ತವೆ. ನಿಮ್ಮ ಪರಿಚಯ, ಸಂಪರ್ಕದಂಥ ಸ್ಥಿರ ಮಾಹಿತಿ 'ಪುಟ' ಆಗಿರಲಿ. ಅನಂತರ ಐದು ಪಾಠಗಳನ್ನು ಪೂರ್ತಿಯಾಗಿ ಏರಿಸಿ, ಆಮೇಲೆ ಥೀಮ್ ಆರಿಸಿ. ಥೀಮಿನ ಮಾದರಿ ಪುಟದಲ್ಲಿ ಚಿಕ್ಕ ಚಿಕ್ಕ ಇಂಗ್ಲಿಷ್ ಶೀರ್ಷಿಕೆಗಳು, ದೊಡ್ಡ ಚಿತ್ರಗಳು ಇರುತ್ತವೆ; ಕನ್ನಡದ ಪದಗಳು ಉದ್ದ, ಮೇಲೆ ಗುಣಿತದ ಚಿಹ್ನೆ, ಕೆಳಗೆ ಒತ್ತಕ್ಷರ. ಸಾಲುಗಳ ನಡುವಿನ ಅಂತರ ಅಕ್ಷರದ ಗಾತ್ರದ 1.2 ಪಟ್ಟು ಇರುವ ಥೀಮಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಾಗುತ್ತದೆ. ನಿಮ್ಮ ಅತ್ಯಂತ ಉದ್ದದ ಶೀರ್ಷಿಕೆಯನ್ನು ಹಾಕಿ, ಫೋನಿನ ಪರದೆಯಲ್ಲಿ ಅದು ಹೇಗೆ ಮುರಿಯುತ್ತದೆ ನೋಡಿ, ಪಠ್ಯದ ಸಾಲಿನ ಅಂತರವನ್ನು 1.7ರ ಆಸುಪಾಸಿಗೆ ಏರಿಸಿ ನೋಡಿ. ಆ ಪರೀಕ್ಷೆಯಲ್ಲಿ ಗೆದ್ದ ಥೀಮ್ ಸರಳವಾಗಿ ಕಂಡರೂ ಅದೇ ನಿಮ್ಮದು.

ಪ್ರಶ್ನೆ: ಹಳೆಯ ಕಡತಗಳಿಂದ ನಕಲು ಮಾಡಿದ ಕನ್ನಡವು ಜಾಲತಾಣದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ. ಹೊಸದಾಗಿ ಬೆರಳಚ್ಚು ಮಾಡಿದ್ದು ಸರಿಯಾಗಿದೆ, ಆದರೆ ಅದರ ಕೊಂಡಿಯನ್ನು ಯಾರಿಗಾದರೂ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಹೋಗುತ್ತದೆ. ಎರಡಕ್ಕೂ ಪರಿಹಾರವಿದೆಯೇ?

ಉತ್ತರ: ಮೊದಲನೆಯದರ ಕಾರಣ ನಿಮ್ಮ ಹಳೆಯ ಕಡತಗಳಲ್ಲಿದೆ. ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರವನ್ನು ತೊಡಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ಒಳಗಿರುವ ಸಂಕೇತಗಳು ಹೊರಗೆ ಕಾಣುತ್ತವೆ. ಜಾಲತಾಣಕ್ಕೆ ಆ ಹಳೆಯ ಫಾಂಟನ್ನೇ ಜೋಡಿಸುವ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಕಣ್ಣಿಗೆ ಕನ್ನಡವಾಗಿ ಕಂಡರೂ ಹುಡುಕಾಟಕ್ಕೂ ಅಂಧರು ಬಳಸುವ ಪರದೆ ಓದುವ ತಂತ್ರಾಂಶಕ್ಕೂ ಅದು ಕನ್ನಡವಾಗುವುದಿಲ್ಲ. ಪರಿವರ್ತಕವನ್ನು ಬಳಸಿ ಯೂನಿಕೋಡ್‌ಗೆ ತಂದುಕೊಳ್ಳಿ, ತಂದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಒಂದೊಂದಾಗಿ ಓದಿ ನೋಡಿ. ತಪ್ಪುಗಳು ಉಳಿಯುವುದು ಹೆಚ್ಚಾಗಿ ಅಲ್ಲಿಯೇ.

ಎರಡನೆಯದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಸಂಕೇತವೂ, ಅಂದರೆ ವ್ಯಂಜನ, ಗುಣಿತದ ಚಿಹ್ನೆ, ಒತ್ತಕ್ಷರವನ್ನು ಜೋಡಿಸುವ ವಿರಾಮ (್) ಎಲ್ಲವೂ ಬಿಡಿಬಿಡಿಯಾಗಿ, ಯುಟಿಎಫ್-8 ಎಂಬ ಶೇಖರಣಾ ಕ್ರಮದಲ್ಲಿ 3 ಬೈಟ್ ತೆಗೆದುಕೊಳ್ಳುತ್ತವೆ. ಕೊಂಡಿಯಲ್ಲಿ ಒಂದು ಬೈಟನ್ನು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ, ಹಾಗಾಗಿ ಒಂದು ಕನ್ನಡ ಸಂಕೇತಕ್ಕೆ 9 ಸ್ಥಾನಗಳು ಬೇಕು. ವರ್ಡ್‌ಪ್ರೆಸ್ ಶೀರ್ಷಿಕೆಯಿಂದ ತಾನೇ ತಯಾರಿಸುವ ಸ್ಲಗ್‌ಗೆ, ಅಂದರೆ ಕೊಂಡಿಯ ಕೊನೆಯ ಭಾಗಕ್ಕೆ, 200 ಸ್ಥಾನಗಳ ಮಿತಿಯಿದೆ. 'ಸಸ್ಯಗಳಲ್ಲಿ ದ್ಯುತಿಸಂಶ್ಲೇಷಣೆ' ಎಂಬ ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ಮೊದಲ ಪದದಲ್ಲಿ 10 ಸಂಕೇತಗಳು, ಎರಡನೆಯದರಲ್ಲಿ 15, ನಡುವಿನ ಅಡ್ಡಗೆರೆಗೆ 1 ಸ್ಥಾನ, ಒಟ್ಟು 226. ಮಿತಿ ಮೀರಿದ್ದರಿಂದ ಕೊಂಡಿಯು 'ದ್ಯುತಿಸಂಶ್ಲೇ' ಎಂಬಲ್ಲಿಗೆ ಕತ್ತರಿಸಿಹೋಗುತ್ತದೆ, 'ಷಣೆ' ಬಿದ್ದುಹೋಗುತ್ತದೆ. ನನ್ನ ಸಲಹೆಯೆಂದರೆ, ಪ್ರಕಟಿಸುವ ಮೊದಲೇ ಸ್ಲಗ್ ಅನ್ನು ಕೈಯಾರೆ ಬರೆಯಿರಿ. ಒಂದೇ ಚಿಕ್ಕ ಕನ್ನಡ ಪದ ಸಾಕಾದರೆ ಅದನ್ನೇ ಇಡಿ. ಕೊಂಡಿಗಳನ್ನು ಸಂದೇಶಗಳಲ್ಲಿ ಕಳಿಸುವುದೇ ಹೆಚ್ಚು ಎನ್ನುವುದಾದರೆ ಅದೇ ಪದವನ್ನು ರೋಮನ್ ಲಿಪಿಯಲ್ಲಿ ಬರೆಯಿರಿ. ಪರ್ಮಾಲಿಂಕ್ ಸೆಟ್ಟಿಂಗ್‌ನಲ್ಲಿ ಕೊಂಡಿಯ ವಿನ್ಯಾಸವನ್ನು 'ಪೋಸ್ಟಿನ ಹೆಸರು' ಎಂದು ಮೊದಲ ದಿನವೇ ನಿಗದಿಮಾಡಿ, ಆಮೇಲೆ ಅದನ್ನು ಮುಟ್ಟಬೇಡಿ. ನಿಮ್ಮ ಪಾಠವನ್ನು ಯಾರೋ ತಮ್ಮ ಪುಟದಲ್ಲಿ ಸೂಚಿಸಿರುತ್ತಾರೆ, ಯಾವುದೋ ಮಗು ಬರೆದಿಟ್ಟುಕೊಂಡಿರುತ್ತದೆ. ಕೊಂಡಿ ಮುರಿದರೆ ಅವರಿಗೆ ಆ ಪಾಠ ಇಲ್ಲವಾದಂತೆಯೇ.

ಪ್ರಶ್ನೆ: ಥೀಮ್ ಬದಲಾಯಿಸಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಬರಹ ಡೇಟಾಬೇಸ್‌ನಲ್ಲಿದೆ, ನೀವು ಬದಲಿಸುತ್ತಿರುವುದು ರೂಪವನ್ನು ಮಾತ್ರ. ಮೆನು ಮತ್ತು ಬದಿಯ ಪಟ್ಟಿಗಳು ಜಾಗ ತಪ್ಪಬಹುದು, ಅವನ್ನು ಮತ್ತೆ ಕೂರಿಸಬೇಕಾದೀತು. ಎಚ್ಚರ ಬೇಕಿರುವುದು ಪುಟ ಕಟ್ಟಿಕೊಡುವ ಕೆಲವು ಪ್ಲಗಿನ್‌ಗಳ, ಅಂದರೆ ವರ್ಡ್‌ಪ್ರೆಸ್‌ಗೆ ಹೊರಗಿನಿಂದ ಸೇರಿಸುವ ಚಿಕ್ಕ ತಂತ್ರಾಂಶಗಳ, ವಿಷಯದಲ್ಲಿ. ಅವು ನಿಮ್ಮ ಪಠ್ಯದ ನಡುವೆ ಚೌಕ ಆವರಣದ ಸಂಕೇತಗಳನ್ನು ತುಂಬುತ್ತವೆ. ಪ್ಲಗಿನ್ ತೆಗೆದ ದಿನ ಪಾಠದ ತುಂಬ ಆ ಸಂಕೇತಗಳೇ ಉಳಿಯುತ್ತವೆ. 2018ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿಯೇ ಪಠ್ಯ, ಚಿತ್ರಗಳನ್ನು ತುಂಡುತುಂಡಾಗಿ ಜೋಡಿಸುವ ಬ್ಲಾಕ್ ಸಂಪಾದಕವಿದೆ, ಪಾಠಗಳಿಗೆ ಅದರಿಂದಾಚೆ ಏನೂ ಬೇಕಾಗುವುದಿಲ್ಲ. ಥೀಮಿನ ಕಡತಗಳನ್ನು ನೇರವಾಗಿ ತಿದ್ದುವುದೂ ಬೇಡ. ಮುಂದಿನ ಅಪ್‌ಡೇಟ್ ಬಂದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಪ್ರಶ್ನೆ: ಪ್ಲಗಿನ್ ಒಂದನ್ನು ಅಪ್‌ಡೇಟ್ ಮಾಡಿದ ಕೂಡಲೇ ಇಡೀ ಜಾಲತಾಣ 'ಗಂಭೀರ ದೋಷ' ಎಂದು ತೋರಿಸಿತು. ಹೆದರಿ ಆ ಬಳಿಕ ಯಾವ ಅಪ್‌ಡೇಟನ್ನೂ ಮಾಡಿಲ್ಲ. ಹೋಸ್ಟಿಂಗ್‌ನವರು ಬ್ಯಾಕಪ್ ಇದೆ ಎನ್ನುತ್ತಾರೆ. ಅಷ್ಟು ಸಾಕೇ?

ಉತ್ತರ: ನಿಮ್ಮ ಹೆದರಿಕೆ ಅರ್ಥವಾಗುತ್ತದೆ, ಆದರೆ ಅಪ್‌ಡೇಟ್ ನಿಲ್ಲಿಸಿರುವುದು ಅದಕ್ಕಿಂತ ದೊಡ್ಡ ಅಪಾಯ. ಪ್ಲಗಿನ್‌ಗಳಲ್ಲಿ ಕಂಡುಬಂದ ಭದ್ರತಾ ಲೋಪಗಳು ತಿದ್ದುಪಡಿಯ ಜೊತೆಗೇ ಜಗತ್ತಿಗೆಲ್ಲ ತಿಳಿಯುತ್ತವೆ. ತಿದ್ದದೆ ಉಳಿದ ತಾಣಗಳನ್ನು ಯಂತ್ರಗಳೇ ಹುಡುಕುತ್ತಾ ಬರುತ್ತವೆ, ತಾಣ ಚಿಕ್ಕದೆಂದು ಅವು ಬಿಡುವುದಿಲ್ಲ. ವರ್ಡ್‌ಪ್ರೆಸ್ ತನ್ನ ಮೂಲ ತಂತ್ರಾಂಶದ ಚಿಕ್ಕ ಭದ್ರತಾ ಅಪ್‌ಡೇಟ್‌ಗಳನ್ನು 2013ರ 3.7 ಆವೃತ್ತಿಯಿಂದ ತಾನೇ ಹಾಕಿಕೊಳ್ಳುತ್ತದೆ. ಪ್ಲಗಿನ್‌ಗಳ ಹೊಣೆ ಬಹುಪಾಲು ನಿಮ್ಮದು. ಆದ್ದರಿಂದ ಬೇಡದ ಪ್ಲಗಿನ್‌ಗಳನ್ನು ನಿಷ್ಕ್ರಿಯಗೊಳಿಸಿ ಬಿಡುವುದಲ್ಲ, ಅಳಿಸಿಯೇ ಬಿಡಿ.

'ಗಂಭೀರ ದೋಷ' ಮತ್ತೆ ಕಂಡರೆ ಮೊದಲು ನಿರ್ವಾಹಕರ ಇಮೇಲ್ ನೋಡಿ. 2019ರ 5.2 ಆವೃತ್ತಿಯಿಂದ, ದೋಷಕ್ಕೆ ಕಾರಣವಾದ ಪ್ಲಗಿನ್ ಅನ್ನು ಬದಿಗಿಟ್ಟು ಒಳಹೋಗಲು ಒಂದು ವಿಶೇಷ ಕೊಂಡಿಯನ್ನು ವರ್ಡ್‌ಪ್ರೆಸ್ ಕಳಿಸುತ್ತದೆ. ಪತ್ರ ಬಾರದಿದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು, 'ಡಬ್ಲ್ಯುಪಿ-ಕಂಟೆಂಟ್' ಫೋಲ್ಡರಿನೊಳಗೆ ಪ್ಲಗಿನ್‌ಗಳಿರುವ ಫೋಲ್ಡರಿನಲ್ಲಿ ಆ ಪ್ಲಗಿನ್‌ನ ಹೆಸರನ್ನು ತುಸು ಬದಲಿಸಿ. ವರ್ಡ್‌ಪ್ರೆಸ್‌ಗೆ ಅದು ಸಿಗದಂತಾಗಿ ತಾನೇ ನಿಷ್ಕ್ರಿಯವಾಗುತ್ತದೆ, ತಾಣ ಮರಳಿ ತೆರೆದುಕೊಳ್ಳುತ್ತದೆ. ನಿಮ್ಮ ಪಾಠಗಳಿಗೆ ಅದರಿಂದ ಏನೂ ಆಗುವುದಿಲ್ಲ.

ಬ್ಯಾಕಪ್ ಬಗ್ಗೆ ನನ್ನದೇ ಅನುಭವವನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ತಾಣದ ಸರ್ವರ್ ಕೆಟ್ಟಿತು. ಪ್ರತಿ ರಾತ್ರಿಯ ಬ್ಯಾಕಪ್ ಇದೆ ಎಂದು ಸೇವೆ ಒದಗಿಸುವವರು ಹೇಳಿದ್ದರು. ಅವರ ಮಾತು ಸುಳ್ಳಾಗಿರಲಿಲ್ಲ. ಆದರೆ ಆ ಬ್ಯಾಕಪ್ ಕಡತಗಳದ್ದು ಮಾತ್ರ, ಡೇಟಾಬೇಸ್ ಅದರಲ್ಲಿ ಇರಲಿಲ್ಲ. ಥೀಮ್ ಬಂತು, ಚಿತ್ರಗಳು ಒಂದೂ ಬಿಡದೆ ಬಂದವು, ಬರಹದ ಒಂದು ಸಾಲೂ ಬರಲಿಲ್ಲ. ಬರೆದವರಿಗೆ ಅದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು, ಆ ಮಾತುಕತೆ ನನಗೆ ಇಂದಿಗೂ ನೆನಪಿದೆ. ಆದ್ದರಿಂದ ಹೋಸ್ಟಿಂಗ್‌ನವರನ್ನು 'ಬ್ಯಾಕಪ್ ಇದೆಯೇ' ಎಂದು ಕೇಳಬೇಡಿ. ಡೇಟಾಬೇಸ್ ಸೇರಿದೆಯೇ, ಎಷ್ಟು ದಿನ ಹಿಂದಿನದು ಸಿಗುತ್ತದೆ, ಮರಳಿ ತರುವವರು ಯಾರು ಎಂದು ಕೇಳಿ. ಅವರ ಉತ್ತರ ಏನೇ ಇರಲಿ, ಡೇಟಾಬೇಸ್ ಮತ್ತು ಡಬ್ಲ್ಯುಪಿ-ಕಂಟೆಂಟ್ ಫೋಲ್ಡರ್ ಎರಡರ ಪ್ರತಿಯನ್ನೂ ಪ್ರತಿ ಅಪ್‌ಡೇಟಿನ ಮೊದಲು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅದೇ ಸರ್ವರಿನಲ್ಲಿ ಕೂತಿರುವ ಪ್ರತಿ ಸರ್ವರಿನ ಜೊತೆಗೇ ಹೋಗುತ್ತದೆ. ಒಮ್ಮೆಯಾದರೂ ಆ ಪ್ರತಿಯಿಂದ ಒಂದು ಪ್ರಾಯೋಗಿಕ ತಾಣವನ್ನು ಎಬ್ಬಿಸಿ ನೋಡಿ. ಮರಳಿ ತಂದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಶ್ನೆ: ಪುಟಗಳು ಬಹಳ ನಿಧಾನವಾಗಿ ತೆರೆದುಕೊಳ್ಳುತ್ತವೆ. ಎರಡು ತಿಂಗಳಾದರೂ ಹುಡುಕಾಟದಲ್ಲಿ ತಾಣದ ಹೆಸರೇ ಬರುತ್ತಿಲ್ಲ.

ಉತ್ತರ: ನಿಧಾನಕ್ಕೆ ಮೊದಲ ಕಾರಣ ಚಿತ್ರಗಳಿರಬಹುದು. ಫೋನಿನಲ್ಲಿ ತೆಗೆದ ಚಿತ್ರ 4000 ಪಿಕ್ಸೆಲ್ ಅಗಲ, ಹಲವು ಎಂಬಿ ತೂಕ ಇರುತ್ತದೆ. ಪಾಠದ ಅಂಕಣಕ್ಕೆ 1600 ಪಿಕ್ಸೆಲ್ ಧಾರಾಳ. 5.3 ಆವೃತ್ತಿಯಿಂದ ವರ್ಡ್‌ಪ್ರೆಸ್ ದೊಡ್ಡ ಚಿತ್ರಗಳನ್ನು 2560 ಪಿಕ್ಸೆಲ್‌ಗೆ ಇಳಿಸಿ ಬಳಸುತ್ತದೆ, ಆದರೆ ಮೂಲ ಚಿತ್ರವೂ ಸರ್ವರಿನಲ್ಲಿ ಉಳಿದು ಜಾಗ ತಿನ್ನುತ್ತದೆ. ಏರಿಸುವ ಮೊದಲೇ ಕಿರಿದಾಗಿಸಿ, ಏರಿಸಿದ ಮೇಲೆ ಪ್ರತಿ ಚಿತ್ರಕ್ಕೂ ಪರ್ಯಾಯ ಪಠ್ಯ ಬರೆಯಿರಿ. 'ಚಿತ್ರ 3' ಎಂದಲ್ಲ, 'ಎಲೆಯ ಅಡ್ಡಸೀಳಿಕೆ, ಕೆಳಭಾಗದಲ್ಲಿ ಪತ್ರರಂಧ್ರಗಳು' ಎಂದು. ಕಣ್ಣು ಕಾಣದ ವಿದ್ಯಾರ್ಥಿಗೆ ನಿಮ್ಮ ಚಿತ್ರವೆಂದರೆ ಆ ಒಂದು ಸಾಲು.

ಹುಡುಕಾಟದ ವಿಷಯಕ್ಕೆ, ಸೆಟ್ಟಿಂಗ್‌ಗಳಲ್ಲಿ 'ರೀಡಿಂಗ್' ಎಂಬ ವಿಭಾಗವನ್ನು ತೆರೆಯಿರಿ. ಸರ್ಚ್ ಎಂಜಿನ್‌ಗಳು ಈ ತಾಣವನ್ನು ಸೇರಿಸಿಕೊಳ್ಳದಂತೆ ಕೋರುವ ಒಂದು ಚೌಕ ಅಲ್ಲಿದೆ. ತಾಣವನ್ನು ಕಟ್ಟುವಾಗ, ಅರೆಬರೆ ಪುಟಗಳು ಹೊರಗೆ ಕಾಣಬಾರದೆಂದು ಅದಕ್ಕೆ ಗುರುತು ಹಾಕಿ, ಆಮೇಲೆ ಮರೆತುಬಿಡುವುದು ಬಹಳ ಸಾಮಾನ್ಯ. ಗುರುತು ಇದ್ದರೆ ತೆಗೆದು ಉಳಿಸಿ, ಕೆಲವು ವಾರ ಕಾಯಿರಿ; ಇಲ್ಲದಿದ್ದರೆ ತಾಣದ ವಿಳಾಸವನ್ನು ನನಗೆ ಬರೆದು ಕಳಿಸಿ, ನೋಡಿ ತಿಳಿಸುತ್ತೇನೆ.